ಗಾಡಿಗೆ ಅಂಟಿದ ಕೆಸರು ಯಾರದು?

ಪರ್ತ್‌ಗೆ ಬಂದು ನಾಲ್ಕೈದು ವರ್ಷ ಕಳೆಯುವಷ್ಟರಲ್ಲಿ ಮನೆಯ ಮುಂದೆ ಒಂದು ಫೋರ್-ವೀಲ್ ಡ್ರೈವ್ ಬಂದು ನಿಲ್ಲುವುದು ನಮ್ಮವರಲ್ಲಿ ಈಗ ವಿಶೇಷವೇನಲ್ಲ. ಚಳಿಗಾಲದ ರಜೆಯಲ್ಲಿ ಎರಡು ಮೂರು ಕುಟುಂಬಗಳು ಸೇರಿ, ಪುಳಿಯೋಗರೆ, ಮೊಸರನ್ನದ ಡಬ್ಬಿಗಳನ್ನು ತುಂಬಿಕೊಂಡು, ಮಂಡೇರಿಂಗ್ ಕಡೆಯ ಕಾಡುದಾರಿಗಳಲ್ಲಿ ಸುತ್ತಾಡಿ, ಬಾಗಿಲಿನ ಹಿಡಿಯವರೆಗೂ ಕೆಸರು ಮೆತ್ತಿಸಿಕೊಂಡು ಬರುತ್ತೇವೆ. ಆ ಕೆಸರನ್ನು ಸೋಮವಾರ ಆಫೀಸಿನ ಕಾರ್ ಪಾರ್ಕ್‌ವರೆಗೂ ಪದಕದ ಹಾಗೆ ಉಳಿಸಿಕೊಳ್ಳುವ ಶೂರರೂ ನಮ್ಮಲ್ಲಿ ಇಲ್ಲದಿಲ್ಲ! ಆದರೆ ಹೆಚ್ಚಿನವರು ತೊಳೆಯುತ್ತೇವೆ. ಯಾರಿಗಾಗಿ ತೊಳೆಯುತ್ತೇವೆ ಎಂದು ಮಾತ್ರ ಕೇಳಿಕೊಂಡಿರುವುದಿಲ್ಲ.

ಗಾಡಿಗಾಗಿ ಎಂಬುದು ಮೊದಲ ಉತ್ತರ. ಅದರಲ್ಲಿ ತಪ್ಪೇನೂ ಇಲ್ಲ. ಚಕ್ರದ ಒಳಮೈಯಲ್ಲಿ ಜೇಡಿ ಒಣಗಿ ಕುಳಿತರೆ ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗುತ್ತದೆ. ರೇಡಿಯೇಟರಿನ ಸಂದುಗಳಲ್ಲಿ ಕೆಸರು ಕಟ್ಟಿಕೊಂಡರೆ ಎಂಜಿನ್ ಕಾಯುತ್ತದೆ. ಎಕ್ಸಾಸ್ಟ್ ಕೊಳವೆಯ ಹತ್ತಿರ ಒಣಹುಲ್ಲು ಸಿಕ್ಕಿಕೊಂಡರೆ ಬೆಂಕಿಯೇ ಹತ್ತಬಹುದು. ಆಯುಧಪೂಜೆಯ ಹಿಂದಿನ ದಿನವಂತೂ ಕೇಳಬೇಕಾಗಿಲ್ಲ. ಕುಂಕುಮ ಇಡುವ ಬಾನೆಟ್ ಮೇಲೆ ಒಂದು ಕಲೆಯೂ ಉಳಿಯದಂತೆ ಉಜ್ಜುತ್ತೇವೆ. ಆದರೆ ಕಣ್ಣಿಗೆ ಕಾಣದ ಚಾಸಿಯ ಸಂದುಗಳು, ಮಡ್ ಫ್ಲ್ಯಾಪಿನ ಹಿಂಭಾಗ, ಚಕ್ರದ ಕಮಾನು, ಇವು ಬಿಟ್ಟೇ ಹೋಗುತ್ತವೆ. ಈ ಲೇಖನದ ವಿಷಯ ಇರುವುದು ಅಲ್ಲಿಯೇ.

ಇಲ್ಲಿನ ಜಾರಾ ಕಾಡಿನ ಮಣ್ಣಿನಲ್ಲಿ ಫೈಟಾಫ್ಥರಾ ಸಿನಮೋಮಿ ಎಂಬ ಸೂಕ್ಷ್ಮಜೀವಿ ಇದೆ. 1922ರಲ್ಲಿ ಸುಮಾತ್ರಾದ ದಾಲ್ಚಿನ್ನಿ ಮರಗಳಲ್ಲಿ ಮೊದಲು ಗುರುತಿಸಿದ್ದರಿಂದ ಅದಕ್ಕೆ ಆ ಹೆಸರು. ಅದು ಬೇರನ್ನು ಕೊಳೆಸುತ್ತದೆ, ಮರ ತುದಿಯಿಂದ ಒಣಗುತ್ತಾ ಬರುತ್ತದೆ. ಇಲ್ಲಿನವರು ಇದನ್ನು ಡೈಬ್ಯಾಕ್ ಎನ್ನುತ್ತಾರೆ. ಈ ರಾಜ್ಯದ ನೈರುತ್ಯ ಭಾಗದ ಸಸ್ಯಜಾತಿಗಳಲ್ಲಿ ನೂರಕ್ಕೆ ಸುಮಾರು 40 ಇದಕ್ಕೆ ತುತ್ತಾಗಬಲ್ಲವು. ಜಾರಾ, ಬ್ಯಾಂಕ್ಸಿಯಾ, ನೂಂಗಾರ್ ಜನರು ಬಾಲ್ಗಾ ಎನ್ನುವ ಹುಲ್ಲುಮರ, ಎಲ್ಲವೂ ಆ ಪಟ್ಟಿಯಲ್ಲಿವೆ. ಫಾಸ್ಫೈಟ್ ಔಷಧಿ ಕೊಟ್ಟರೆ ರೋಗ ನಿಧಾನವಾಗುತ್ತದೆ, ವಾಸಿಯಾಗುವುದಿಲ್ಲ. ಬೇರಿನಿಂದ ಬೇರಿಗೆ ತಾನಾಗಿ ಹರಡಿದರೆ ವರ್ಷಕ್ಕೆ ಒಂದು ಮೀಟರಿನಷ್ಟು. ನಮ್ಮ ಗಾಡಿಯ ಕೆಸರಿನಲ್ಲಿ ಕುಳಿತರೆ ಮಧ್ಯಾಹ್ನದೊಳಗೆ ಐವತ್ತು ಕಿಲೋಮೀಟರ್.

ಮಲೆನಾಡಿನ ಕಡೆಯವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಅಡಿಕೆಯ ಕೊಳೆರೋಗ ಇದೇ ವಂಶದ್ದು. ಮೆಣಸಿನ ಬಳ್ಳಿ ನಾಲ್ಕು ದಿನದಲ್ಲಿ ಸೊರಗುವುದೂ ಇದರ ದಾಯಾದಿಯಿಂದಲೇ. ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆ ರೋಗದ ಬಗ್ಗೆ ಬರೆದಾಗ 'ಕೊಳೆರೋಗ' ಎಂಬ ನಮ್ಮ ಮಾತನ್ನೇ ಇಂಗ್ಲಿಷಿನಲ್ಲೂ ಇಟ್ಟುಕೊಂಡರು. ಬೋರ್ಡೋ ದ್ರಾವಣ ಹೊಡೆಯಲು ಮಳೆ ಬಿಡುವು ಕೊಡುವುದನ್ನೇ ಕಾಯುತ್ತಿದ್ದ ಹಿರಿಯರ ಮುಖ ನಮ್ಮಲ್ಲಿ ಹಲವರಿಗೆ ನೆನಪಿರಬೇಕು. ತೋಟಕ್ಕೆ ರೋಗ ಬಂದರೆ ಒಡೆಯ ಇದ್ದಾನೆ, ಅಳುತ್ತಾನೆ, ಔಷಧಿ ಹೊಡೆಯುತ್ತಾನೆ. ಕಾಡಿಗೆ ಬಂದರೆ?

ಇಲ್ಲೊಂದು ತೊಡಕಿನ ಪ್ರಶ್ನೆ ಏಳುತ್ತದೆ. ಜಾರಾ ಮರಗಳು ಸಾಯುವುದನ್ನು 1921ರಲ್ಲೇ ಗಮನಿಸಿದ್ದರು. ಕಾರಣ ಗೊತ್ತಾದದ್ದು 1960ರ ದಶಕದ ನಡುವಿನಲ್ಲಿ, ಫ್ರಾಂಕ್ ಪಾಜರ್ ಅವರಿಂದ. ನಡುವಿನ ನಲವತ್ತು ವರ್ಷಗಳಲ್ಲಿ ಮರ ಸಾಗಿಸಿದವರು, ರಸ್ತೆಗೆ ಜಲ್ಲಿ ಹಾಕಿದವರು ರೋಗವನ್ನು ಊರೂರಿಗೆ ಹೊತ್ತರು. ಅವರನ್ನು ದೂಷಿಸಬಹುದೇ? ಆಗದು ಎಂದೇ ನಮಗೆ ತೋರುತ್ತದೆ. ಹಾಗಾದರೆ ಅವರು ಲಾರಿಗಟ್ಟಲೆ ಹೊತ್ತದ್ದು ದೋಷವಲ್ಲ, ನಾವು ಒಂದು ಬೊಗಸೆ ಹೊತ್ತರೆ ದೋಷ. ವಿಚಿತ್ರವೆನಿಸಿದರೂ ಇದು ಸರಿಯೇ. ಕೆಸರು ಅದೇ, ಕೆಲಸವೂ ಅದೇ. ನಡುವೆ ತಿಳುವಳಿಕೆ ಬಂದು ನಿಂತಿದೆ. 1976ರಿಂದ ಈ ಕಾಡಿನ ದೊಡ್ಡ ಭಾಗಗಳಿಗೆ ಪರವಾನಗಿಯಿಲ್ಲದೆ ಗಾಡಿ ಒಯ್ಯುವಂತಿಲ್ಲ, ದಾರಿಯಲ್ಲಿ ಫಲಕಗಳಿವೆ. ಓದಿದ ಮೇಲೆ ಓದದವರ ಪುಣ್ಯ ನಮಗೆ ದಕ್ಕುವುದಿಲ್ಲ.

ಸಾವಿರ ಗಾಡಿ ಓಡಾಡುವಲ್ಲಿ ನಮ್ಮದೊಂದು ತೊಳೆದರೆಷ್ಟು ಬಿಟ್ಟರೆಷ್ಟು ಎಂಬ ಮಾತೂ ಇದೆ. ಈ ವಾದಕ್ಕೆ ನೇರ ಉತ್ತರ ಕೊಡುವುದು ಕಷ್ಟ, ಏಕೆಂದರೆ ಅದು ಲೆಕ್ಕದಲ್ಲಿ ಪೂರ್ತಿ ಸುಳ್ಳಲ್ಲ. ಮರ ಸಾಯುವುದು ವರ್ಷಗಳ ನಂತರ. ಯಾವ ಗಾಡಿಯಿಂದ ಬಂತೆಂದು ಯಾರೂ ಹೇಳಲಾರರು. ನಾವು ಬಗ್ಗಿ ಒಂದು ಗಂಟೆ ಉಜ್ಜಿದ್ದಕ್ಕೆ ಸಿಗುವ ಫಲವೆಂದರೆ ಏನೂ ಆಗದಿರುವುದು, ಅಷ್ಟೆ. ನಿಷ್ಕಾಮಕರ್ಮದ ಮಾತನ್ನು ನಾವು ಸಾಮಾನ್ಯವಾಗಿ ತೆಗೆಯುವುದು ಪ್ರಮೋಷನ್ ತಪ್ಪಿದಾಗ! ಅದಕ್ಕೆ ಇದಕ್ಕಿಂತ ಹೊಂದುವ ಜಾಗ ಸಿಗಲಾರದು.

ಇನ್ನೊಂದು ಸೂಕ್ಷ್ಮ ಇದೆ. ನಮ್ಮ ಹಳೆಯ ಮನೆಗಳಲ್ಲಿ ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರುತ್ತಿದ್ದರು. ಕಾಡಿಗೆ ಹೋದಾಗ ಒಳಗೆ ಬರುವವರು ನಾವು. ಆದ್ದರಿಂದ ಮನೆಗೆ ಬಂದ ಮೇಲೆ ತೊಳೆದರೆ ಅರ್ಧ ಕೆಲಸ. ಹೊರಡುವ ಮೊದಲೇ ಗಾಡಿ, ಬೂಟು, ಗುಡಾರದ ಗೂಟ ಎಲ್ಲ ಶುಚಿಯಾಗಿರಬೇಕು. ಬಿಬ್ಬುಲ್‌ಮನ್ ಕಾಲುದಾರಿಯಲ್ಲಿ ಬೂಟು ತಿಕ್ಕಿಕೊಳ್ಳಲು ಬ್ರಷ್ ಇಟ್ಟಿರುವುದು ಇದಕ್ಕೇ. ಕಾಡಿನಿಂದ ಹೊರಬರುವಾಗಲೂ ಗಟ್ಟಿಯಾದ ಒಣನೆಲದಲ್ಲಿ ನಿಲ್ಲಿಸಿ, ಮೊದಲು ಕಡ್ಡಿ, ಒಣ ಬ್ರಷ್‌ಗಳಿಂದ ಹೆಂಟೆ ಉದುರಿಸುವುದು ಮೇಲು. ಈ ಜೀವಿ ಹಬ್ಬುವುದೇ ನೀರಿನಲ್ಲಿ. ಆತುರಪಟ್ಟು ಕಾಡಂಚಿನಲ್ಲಿ ಬಕೆಟ್ ಸುರಿದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ.

ಇಷ್ಟೆಲ್ಲ ತೊಳೆಯುವ ಬದಲು ಮಳೆಯ ತಿಂಗಳುಗಳಲ್ಲಿ ಆ ದಾರಿ ಹಿಡಿಯದಿರುವುದೇ ಒಳ್ಳೆಯದಲ್ಲವೇ ಎಂದರೆ, ಹೌದು. ಮಕ್ಕಳು ಮುಖ ಸಪ್ಪಗೆ ಮಾಡುತ್ತಾರೆ, ನಿಜ, ದೊಡ್ಡವರೂ ಮಾಡುತ್ತಾರೆ. ಅವರಿಗೆ ಲ್ಯಾನ್ಸೆಲಿನ್‌ನ ಮರಳುದಿಬ್ಬಗಳಿವೆ. ಕರಾವಳಿಯ ಆ ಸುಣ್ಣದ ಮರಳು ಈ ಜೀವಿಗೆ ಒಗ್ಗುವುದಿಲ್ಲ. ಅಲ್ಲಿಂದ ಬಂದ ಮೇಲೂ ಗಾಡಿಯ ಅಡಿಭಾಗಕ್ಕೆ ಚೆನ್ನಾಗಿ ನೀರು ಹಾಯಿಸಬೇಕು, ಆದರೆ ಅದು ಉಪ್ಪಿಗೆ ತುಕ್ಕು ಹಿಡಿಯದಿರಲೆಂದು, ಬರೀ ನಮ್ಮ ಗಾಡಿಗಾಗಿ.