ಹಳೆತನದ ಸೋಗು

ಕಳೆದ ತಿಂಗಳು ನನ್ನ ವಿದ್ಯಾರ್ಥಿಯೊಬ್ಬ ತನ್ನ ವಿದ್ಯುತ್ ಗಿಟಾರನ್ನು ತೋರಿಸಲೆಂದು ಚಿಕ್ಕೋಡಿಯ ನಮ್ಮ ಮನೆಗೆ ಬಂದಿದ್ದ. ಬೆಳಗಾವಿಯ ಮೂವರು ಗೆಳೆಯರೊಡನೆ ಅವನೊಂದು ಮೇಳ ಕಟ್ಟಿಕೊಂಡಿದ್ದಾನೆ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಮನೆಯ ಮೋಟಾರು ನಿಲ್ಲಿಸುವ ಕೋಣೆಯಲ್ಲಿ ನಿಂತು ಅಬ್ಬರಿಸುತ್ತಿದ್ದ ‘ಗ್ಯಾರೇಜ್ ರಾಕ್’ ಎಂಬ ಸಂಗೀತವೆಂದರೆ ಇವರಿಗೆ ಪ್ರಾಣ. ಗಿಟಾರಿನ ಬಣ್ಣ ಅಲ್ಲಲ್ಲಿ ಸುಲಿದು ಕಟ್ಟಿಗೆ ಕಾಣುತ್ತಿತ್ತು. ತಿರುಪುಗಳಿಗೆ ತುಕ್ಕು ಹಿಡಿದಿತ್ತು. ಬಲಗೈ ಊರುವಲ್ಲಿ ಅಂಗೈಯಗಲ ಸವೆದಿತ್ತು.

“ಯಾರದಪಾ ಇದು? ನಿಮ್ಮ ಮುತ್ಯಾಂದೇನು?” ಎಂದೆ.

“ಹೊಸಾದ್ರಿ ಸರ್. ಹಳೇದರ ಗತೆ ಮಾಡ್ಯಾರ.”

ಸವೆತವೂ ಕಾರಖಾನೆಯಿಂದಲೇ ಬಂದದ್ದು! ಅಮೆರಿಕದ ಫೆಂಡರ್ ಕಂಪನಿ 1995ರಲ್ಲಿಯೇ ಇಂಥ ಮಾಲನ್ನು ಪೇಟೆಗೆ ತಂದಿತು. ಹೊಸ ವಾದ್ಯವನ್ನು ಬೇಕೆಂದೇ ಕೆರೆದು, ತಿಕ್ಕಿ, ಲೋಹವನ್ನು ಮಂಕಾಗಿಸಿ, ಆ ಶ್ರಮಕ್ಕೆಂದು ಹೆಚ್ಚಿನ ಬೆಲೆ ಕಟ್ಟುತ್ತಾರೆ. ಮೊದಲು ನನಗೆ ನಗೆ ಬಂತು. ಆಮೇಲೆ ನಗೆ ನಿಂತು ಪ್ರಶ್ನೆ ಉಳಿಯಿತು. ಇದು ಸುಳ್ಳೆ? ಅಂಗಡಿಯವನು ಹುಡುಗನಿಂದ ಏನನ್ನೂ ಮುಚ್ಚಿಟ್ಟಿಲ್ಲ, ಹುಡುಗ ನನ್ನಿಂದ ಮುಚ್ಚಿಡಲಿಲ್ಲ. ಮೋಸಹೋದವರು ಯಾರೂ ಇಲ್ಲ. ಆದರೂ ಮನಸ್ಸು ಒಪ್ಪದು.

ಹಳೆಯದನ್ನು ಅನುಸರಿಸುವುದು ತಪ್ಪೆಂದು ಕನ್ನಡ ಕಲಿಸುವವನು ಹೇಳುವುದೆಂತು? ರಾಘವಾಂಕ ನೆಲೆಗೊಳಿಸಿದ ಷಟ್ಪದಿಯನ್ನು ಕುಮಾರವ್ಯಾಸ ಕೈಗೆತ್ತಿಕೊಂಡು ಭಾರತವನ್ನೇ ಹಾಡಿದ. ಈ ಹೊತ್ತು ಒಬ್ಬನು ಭಾಮಿನಿಯಲ್ಲಿ ಬರೆದರೂ ನಾವು ಅವನ ಉಸಿರನ್ನು ನೋಡುತ್ತೇವೆಯೇ ಹೊರತು ಅಳತೆ ಹಳೆಯದೆಂದು ದೂರುವುದಿಲ್ಲ. ಆದರೆ ಷಟ್ಪದಿ ಬರೆಯುವವನು ಅದಕ್ಕಾಗಿ ತನ್ನ ಕಾಗದಕ್ಕೆ ಗೆದ್ದಲು ಹಿಡಿಸಬೇಕಾಗಿಲ್ಲವಷ್ಟೆ!

ಇನ್ನೊಂದು ಮಾತು ನನ್ನನ್ನು ಹೆಚ್ಚು ಚುಚ್ಚುತ್ತದೆ. ಆ ಕಾಲದ ಎಷ್ಟೋ ಹುಡುಗರು ಸೋವಿಯಾಗಿ ಸಿಕ್ಕ ಗಿಟಾರುಗಳನ್ನೇ ಕೊಂಡವರು. ಡೇನೆಲೆಕ್ಟ್ರೊ ಕಂಪನಿ ಮ್ಯಾಸೊನೈಟ್ ಎಂಬ ಒತ್ತು ಹಲಗೆಯಿಂದ ಗಿಟಾರು ಮಾಡುತ್ತಿತ್ತು; ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಸುರುಳಿಗೆ ಹೆಂಗಸರ ತುಟಿಬಣ್ಣದ ಕೊಳವೆಯೇ ಹೊದಿಕೆ. ಇಂಗ್ಲೆಂಡಿನ ಕಿಂಕ್ಸ್ ಮೇಳದ ಡೇವ್ ಡೇವಿಸ್ ತನ್ನ ಪುಟ್ಟ ಧ್ವನಿವರ್ಧಕದ ಒಳಗಿನ ಕಾಗದವನ್ನು ಬ್ಲೇಡಿನಿಂದ ಸೀಳಿಬಿಟ್ಟ. 1964ರ ಅವರ ಧ್ವನಿಮುದ್ರಿಕೆಯಲ್ಲಿ ಕೇಳುವ ಆ ಗೊಗ್ಗರು ದನಿ ಹುಟ್ಟಿದ್ದು ಹಾಗೆ. ಇರುವುದರಲ್ಲಿ ನೀಗಿಸಿಕೊಂಡವರ ಗುರುತುಗಳಿವು. ಅವೇ ಗುರುತುಗಳನ್ನು ಇಂದು ತುಟ್ಟಿಯ ಬೆಲೆ ತೆತ್ತು ಕೊಳ್ಳುವುದೆಂದರೆ, ಹರಿದ ಅಂಗಿಯ ಕೂಲಿಯವನೆದುರು ಹರಿಸಿಕೊಂಡ ಅಂಗಿ ತೊಟ್ಟು ನಿಂತಂತೆ ಆಗುವುದಿಲ್ಲವೆ?

ಇದೇ ಡೇನೆಲೆಕ್ಟ್ರೊದವರು 1967ರಲ್ಲಿ ನಮ್ಮ ಸಿತಾರಿನ ಝೇಂಕಾರವನ್ನು ಅನುಕರಿಸುವ ವಿದ್ಯುತ್ ಸಿತಾರವೊಂದನ್ನೂ ಹೊರತಂದರು. ಆ ಝೇಂಕಾರ ಹುಟ್ಟುವುದು ತಂತಿ ಹಾಯುವ ಅಗಲ ಕುದುರೆಯ ಮೇಲೆ. ಅದಕ್ಕೆ ಜವಾರಿ ಎನ್ನುತ್ತಾರೆ. ಅದರ ತವರು ನಮಗೆ ದೂರವಲ್ಲ. ಕಾಗವಾಡ ದಾಟಿದರೆ ಮಿರಜ. ಹತ್ತೊಂಬತ್ತನೆಯ ಶತಮಾನದಲ್ಲಿ ಕತ್ತಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಅಲ್ಲಿ ತಂತಿವಾದ್ಯದ ಕಸುಬಿಗೆ ಇಳಿದರು. 2024ರಲ್ಲಿ ಮಿರಜದ ಸಿತಾರಕ್ಕೂ ತಂಬೂರಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಆಕಾರ ಹಳೆಯದೇ. ಆದರೆ ಹೊಸ ತಂಬೂರಿ ಹೊಸದಾಗಿಯೇ, ಮಿರಿಮಿರಿ ಮಿಂಚುತ್ತ ಅಂಗಡಿಯಲ್ಲಿ ನಿಂತಿರುತ್ತದೆ. ಅಲ್ಲಿ ಸವೆತವೆಂದರೆ ರೋಗ. ತಂತಿ ಉಜ್ಜಿ ಉಜ್ಜಿ ಕುದುರೆಯ ಮೇಲೆ ಗೀರು ಬಿದ್ದು ನಾದ ಮಂಕಾದರೆ, ಕಾರಿಗರ ಅರದಿಂದ ನವಿರಾಗಿ ತೀಡಿ ಜವಾರಿಯನ್ನು ಮತ್ತೆ ತೆರೆಯುತ್ತಾನೆ.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಸ್ವಲ್ಪ ಗೆದ್ದವನ ಠೀವಿಯಿಂದಲೇ ಹೇಳಿದೆನೆನ್ನಬೇಕು. ಅವನು ಸಿಟ್ಟಾಗಲಿಲ್ಲ.

“ಹೊಸಾದು ಹಿಡಕೊಂಡ್ರ ಎಲ್ಲಿ ಗೀರು ಬೀಳ್ತದೋ ಅಂತ ಅಂಜಿಕಿ ಬರ್ತದ್ರಿ ಸರ್. ಇದಕ ಆ ಅಂಜಿಕಿ ಇಲ್ಲ. ದಿನಾ ನಾಕು ತಾಸು ಬಾರಸ್ತೀನ್ರಿ.”

ಆಮೇಲೆ ಮೂಲೆಯತ್ತ ಕೈ ತೋರಿಸಿ ಕೇಳಿದ: “ಅದು ಯಾರ ಬಾರಸ್ತಾರ್ರಿ?”

ಮೂಲೆಯಲ್ಲಿರುವುದು ನಮ್ಮ ತಂದೆಯವರ ತಂಬೂರಿ. ಮಿರಜದ್ದೇ. ಅದರ ದಂಡಿಗೆಯ ಮೇಲಿನ ಒಂದೊಂದು ಸವೆತವೂ ಅವರ ಕೈಯದು, ಕಾರಖಾನೆಯದಲ್ಲ. ನನಗಾದರೋ ಶ್ರುತಿ ಕೂಡಿಸಲೂ ಬಾರದು. ಮನೆಗೆ ಬಂದವರು ಅದನ್ನು ನೋಡಿ, “ಸಂಗೀತದ ಮನೆತನ ಅನ್ರಿ” ಎಂದಾಗ ನಾನು ಅಲ್ಲವೆನ್ನುವುದಿಲ್ಲ, ಹೌದೆನ್ನುವುದೂ ಇಲ್ಲ. ಮುಗುಳ್ನಕ್ಕು ಚಹಾ ತರಿಸುತ್ತೇನೆ. ಇಷ್ಟು ವರ್ಷ ಆ ಮುಗುಳ್ನಗೆ ಏನನ್ನು ಮಾರುತ್ತ ಬಂದಿತೆಂದು ನಾನು ಎಣಿಸಿರಲಿಲ್ಲ. ಸುಳ್ಳು ಗೀರಿನ ವಾದ್ಯವನ್ನು ಅವನು ದಿನವೂ ನುಡಿಸುತ್ತಾನೆ. ನಿಜದ ಗೀರುಗಳ ವಾದ್ಯ ನನ್ನಲ್ಲಿ ಮೂಕವಾಗಿದೆ.

“ಯಾರೂ ಬಾರಸೂದಿಲ್ಲಪಾ” ಎಂದೆ.

ಅವನು ಎದ್ದು ಹೋಗಿ ಗವಸಣಿಗೆ ಸರಿಸಿದ. ನಾಲ್ಕು ತಂತಿಗಳಲ್ಲಿ ಎರಡು ಇರಲಿಲ್ಲ. ಉಳಿದೊಂದನ್ನು ಮೀಟಿ, ಕಿವಿಗೊಟ್ಟು, ಕುದುರೆಯ ಮೇಲೆ ಬೆರಳಾಡಿಸಿ, “ಇಲ್ಲಿ ಗೀರು ಬಿದ್ದದ್ರಿ ಸರ್” ಎಂದ.

ಬರುವ ಭಾನುವಾರ ಇಬ್ಬರೂ ಅದನ್ನು ಮಿರಜಕ್ಕೆ ಒಯ್ಯುವುದೆಂದು ಗೊತ್ತಾಗಿದೆ. ಬುರುಡೆ ಒಡೆಯದಂತೆ ಬಸ್ಸಿನಲ್ಲಿ ಸಾಗಿಸುವುದು ಹೇಗೆಂಬುದು ಸದ್ಯದ ಚಿಂತೆ.