ವಾಪಸ್ ಬರುವ ಮಾತು, ಬಾರದ ಮಾತು

ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಸತೀಶ್ ಚಂದ್ರ 1977ರ ಮೇ 7ರಂದು ರಾಷ್ಟ್ರಪತಿಗೆ ರಾಜೀನಾಮೆ ಬರೆದರು. ಆಗಸ್ಟ್ 1ರಿಂದ ಹುದ್ದೆ ಬಿಡುವುದಾಗಿ ಅದರಲ್ಲಿತ್ತು. ಜುಲೈ 15ರಂದು ಮನಸ್ಸು ಬದಲಿಸಿ, ರಾಜೀನಾಮೆ ಹಿಂಪಡೆದಿದ್ದೇನೆಂದು ಇನ್ನೊಂದು ಪತ್ರ ಹಾಕಿದರು. ವಿಷಯ ಕೋರ್ಟಿನ ಕಟ್ಟೆ ಹತ್ತಿತು. ಅವರದೇ ಹೈಕೋರ್ಟು ಇದು ಆಗದು ಎಂದರೆ, 1978ರಲ್ಲಿ ಸುಪ್ರೀಂ ಕೋರ್ಟು ಆಗುತ್ತದೆ ಎಂದಿತು. ಹೇಳಿದ ದಿನ ಬರುವತನಕ ಅವರು ನ್ಯಾಯಮೂರ್ತಿಯೇ. ಮೊದಲ ಪತ್ರ ಹೇಳಿದ್ದು ಮುಂದೆ ಬಿಡುವ ಇರಾದೆಯನ್ನಷ್ಟೇ. ಪೀಠದಲ್ಲಿದ್ದ ಫಜಲ್ ಅಲಿ ಇದನ್ನು ಒಪ್ಪಲಿಲ್ಲ.

ನನಗೆ ಬಹುಮತದ ತೀರ್ಪೇ ಸರಿ ಎನಿಸುತ್ತದೆ. ಆದರೆ ಅದನ್ನು 'ಆಡಿದವನಿಗೆ ಮಾತು ಹಿಂಪಡೆಯುವ ಹಕ್ಕಿದೆ' ಎಂದು ಹಿಗ್ಗಿಸಿದರೆ ಎಡವುತ್ತೇವೆ. ಆಡಿದ್ದು ಎಂಥ ಮಾತು ಎಂಬುದನ್ನು ಮೊದಲು ಕೇಳಬೇಕು.

ಕೊಡುಕೊಳ್ಳುವ ಮಾತನ್ನೇ ನೋಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ, ಮನೆ ಮಾರುತ್ತೇನೆಂದು ಕಾಗದ ಬರೆದವನು ಕೊಳ್ಳುವವನು ಒಪ್ಪಿಗೆಯನ್ನು ಅಂಚೆಗೆ ಹಾಕುವತನಕ ಹಿಂದೆ ಸರಿಯಬಹುದು. ಹಾಕಿದ ಮೇಲೆ ಕಾಗದ ದಾರಿಯಲ್ಲಿದ್ದರೂ ಅವನು ಸಿಕ್ಕಿಬಿದ್ದ. ಕೊಳ್ಳುವವನು ಮಾತ್ರ ಆ ಕಾಗದ ತಲುಪುವತನಕ ಸ್ವತಂತ್ರ. ಅದಕ್ಕೂ ಮೊದಲೇ ಸುದ್ದಿ ಮುಟ್ಟಿಸಿ ತನ್ನ ಒಪ್ಪಿಗೆಯನ್ನೇ ಹಿಂದಕ್ಕೆ ಕರೆಸಿಕೊಳ್ಳಬಹುದು. ಇದು ಕೊಂಚ ಪಕ್ಷಪಾತವೇ ಸರಿ. 1880ರ ಇಂಗ್ಲೆಂಡಿನ ಮೊಕದ್ದಮೆಯೊಂದರಲ್ಲಿ ಕಾರ್ಡಿಫ್‌ನ ವ್ಯಾಪಾರಿ ನ್ಯೂಯಾರ್ಕಿನವರಿಗೆ ಕಳಿಸಿದ್ದ ತನ್ನ ಪ್ರಸ್ತಾವವನ್ನು ಹಿಂಪಡೆದು ಅಕ್ಟೋಬರ್ 8ರಂದು ಕಾಗದ ಹಾಕಿದ. ನ್ಯೂಯಾರ್ಕಿನವರು 11ರಂದು ತಂತಿಯಲ್ಲಿ ಒಪ್ಪಿದರು. ಹಿಂಪಡೆದ ಕಾಗದ ತಲುಪಿದ್ದು 20ಕ್ಕೆ. ಕರಾರು ನಿಂತಿತು. ಬರೆದವನ ಮನಸ್ಸು ಎಂದು ಬದಲಾಯಿತು ಎಂಬುದು ಲೆಕ್ಕಕ್ಕೆ ಬರಲಿಲ್ಲ. ಓದುವವನಿಗೆ ಅದು ಎಂದು ತಿಳಿಯಿತು ಎಂಬುದೇ ಮುಖ್ಯವಾಯಿತು.

ಇನ್ನು ತಪ್ಪೊಪ್ಪಿಗೆ. ಮ್ಯಾಜಿಸ್ಟ್ರೇಟರ ಮುಂದೆ ಒಪ್ಪಿಕೊಂಡ ಆರೋಪಿ ವಿಚಾರಣೆಯ ಹೊತ್ತಿಗೆ 'ಅದನ್ನು ಹಿಂಪಡೆದಿದ್ದೇನೆ' ಎನ್ನುತ್ತಾನೆ. ಯಾರೂ ಅದನ್ನು ನಂಬಿ ವ್ಯವಹಾರ ಮಾಡಿಲ್ಲ, ಯಾವ ಕರಾರೂ ಆಗಿಲ್ಲ. ಹಾಗಿದ್ದರೂ ಮಾತು ಕಡತದಲ್ಲೇ ಉಳಿಯುತ್ತದೆ. ಪ್ಯಾರೇ ಲಾಲ್ ಭಾರ್ಗವ ಪ್ರಕರಣದಲ್ಲಿ (1963) ಸುಪ್ರೀಂ ಕೋರ್ಟು ಹೇಳಿದ್ದು ಇಷ್ಟು: ಹಿಂಪಡೆದ ಒಪ್ಪಿಗೆ ನಿಜ ಮತ್ತು ಸ್ವಯಂಪ್ರೇರಿತ ಎಂದು ಮನವರಿಕೆಯಾದರೆ ಶಿಕ್ಷೆಗೆ ಆಧಾರವಾಗಬಹುದು, ಆದರೆ ಬೇರೆ ಪುರಾವೆಯ ಬೆಂಬಲವಿಲ್ಲದೆ ಅದನ್ನೇ ನೆಚ್ಚುವುದು ವಿವೇಕವಲ್ಲ.

ಏಕೆ ಈ ಭೇದ? ರಾಜೀನಾಮೆ, ಪ್ರಸ್ತಾವಗಳು ಇನ್ನೂ ಆಗದ ಸಂಗತಿಯ ಬಗ್ಗೆ ಆಡಿದವು. ಅಲ್ಲಿ ನನ್ನ ಇಚ್ಛೆಯೇ ಸರಕು. ತಪ್ಪೊಪ್ಪಿಗೆ ಆಗಿಹೋದದ್ದರ ಬಗ್ಗೆ. ಕೊಂದೆನೋ ಇಲ್ಲವೋ ಎಂಬುದು ನನ್ನ ಇಂದಿನ ಇಚ್ಛೆಗೆ ಬಿಟ್ಟದ್ದಲ್ಲ. ಅಂಥ ಮಾತನ್ನು ಹಿಂಪಡೆಯಲಾಗದು, ಅಲ್ಲಗಳೆಯಬಹುದಷ್ಟೇ.

ಹೊಡೆದು ಬಾಯಿ ಬಿಡಿಸಿದ್ದರೆ? ಈ ಆಕ್ಷೇಪ ಸಣ್ಣದಲ್ಲ. ಪೊಲೀಸರೆದುರಿನ ಒಪ್ಪಿಗೆಯನ್ನು ಕಾನೂನು ಸಾಕ್ಷ್ಯವಾಗಿ ಮುಟ್ಟದಿರುವುದೂ, ಹೇಳುವ ಬಲವಂತವಿಲ್ಲ ಎಂದು ಮ್ಯಾಜಿಸ್ಟ್ರೇಟರು ಮೊದಲೇ ಎಚ್ಚರಿಸಬೇಕಾದದ್ದೂ ಇದಕ್ಕೇ. 'ಹಿಂಪಡೆದೆ' ಎಂಬ ಆರೋಪಿಯ ಮಾತು, ಮೊದಲ ಮಾತು ಹೊರಬಿದ್ದ ಬಗೆಯನ್ನು ಮತ್ತೆ ನೋಡಿ ಎಂಬ ಅಹವಾಲು.

ನಮ್ಮ ರಾಜಕಾರಣಿಗಳು 'ಹೇಳಿಕೆ ವಾಪಸ್ ಪಡೆದಿದ್ದೇನೆ' ಎನ್ನುವಾಗ ಈ ಎರಡು ಬಗೆಯ ಮಾತನ್ನೂ ಕಲಸಿಬಿಡುತ್ತಾರೆ. ಯಾರನ್ನೋ ಕಳ್ಳ ಎಂದದ್ದು ಮಾರಾಟದ ಪ್ರಸ್ತಾವವಲ್ಲ. ಅವನು ಕಳ್ಳನೇ, ಅಲ್ಲವೇ ಎಂಬ ಪ್ರಶ್ನೆಗೆ 'ವಾಪಸ್' ಉತ್ತರ ಕೊಡುವುದಿಲ್ಲ. ಸುಳ್ಳು ಹೇಳಿದೆ ಎಂಬ ಕಷ್ಟದ ಮಾತನ್ನು ತಪ್ಪಿಸಿಕೊಡುತ್ತದೆ. ಮಾನಹಾನಿ ಕಾನೂನು ಹತ್ತು ವಿನಾಯಿತಿಗಳನ್ನು ಕೊಟ್ಟಿದೆ. ವಾಪಸ್ ಪಡೆದೆ ಎಂಬುದು ಅವುಗಳಲ್ಲಿ ಇಲ್ಲ.