ಠಾಣೆಯಿಂದ ಹೋದ ಕಾಗದ

ಸುವಾರ್ತೆ ಹೇಳಲು ಹೊರಟವರ ಬಾಯಲ್ಲಿ ಒಂದಲ್ಲ ಒಂದು ದಿನ ಈ ಮಾತು ಬರುತ್ತದೆ: ಇಷ್ಟು ವರ್ಷವಾಯಿತು, ಕೂಟಕ್ಕೆ ಬರುವವರು ಅದೇ ನಾಲ್ಕು ಮಂದಿ. ಡೊಂಬಿವಲಿ, ಕಲ್ಯಾಣ, ವಾಶಿಯ ಪುಟ್ಟ ಫ್ಲ್ಯಾಟುಗಳಲ್ಲಿ ಚಾಪೆ ಹಾಸಿ ಜನರಿಗೆ ಕಾಯುವವರು ಠಾಣೆಯ ಈ ಹಳೆಯ ಕಥೆಯನ್ನು ತಿಳಿದಿರಬೇಕು.

1321ರ ಏಪ್ರಿಲ್. ಕೊಲ್ಲಂಗೆ ಹೋಗಬೇಕಿದ್ದ ಐವರು ಸಂನ್ಯಾಸಿಗಳ ತಂಡ ಠಾಣೆಯ ದಡ ಸೇರಿತ್ತು. ಅವರಲ್ಲಿ ತೊಲೆಂತಿನೊದ ಥಾಮಸ್, ಪಾದುವದ ಜೇಮ್ಸ್, ಸಿಯೆನಾದ ಪೀಟರ್, ತಿಫ್ಲಿಸ್‌ನ ದೆಮೆತ್ರಿಯಸ್ ತಮ್ಮ ನಂಬಿಕೆಗಾಗಿ ಇಲ್ಲೇ ಕೊಲೆಯಾದರು. ಐದನೆಯವ, ದೊಮಿನಿಕನ್ ಸಂಘದ ಜೋರ್ಡಾನ್ ಕಟಲಾನಿ, ಆಗ ಊರಲ್ಲಿರಲಿಲ್ಲ. ಸಂಗಡಿಗರ ದೇಹಗಳನ್ನು ಸೋಪಾರಾದಲ್ಲಿ ಮಣ್ಣು ಮಾಡಿದ್ದು ಅವನೇ.

ಅದೇ ವರ್ಷದ ಅಕ್ಟೋಬರಿನಲ್ಲಿ ಗುಜರಾತಿನ ಗೋಘಾದಿಂದ ಬರೆದ ಕಾಗದದಲ್ಲಿ ಅವನು ಲೆಕ್ಕ ಒಪ್ಪಿಸುತ್ತಾನೆ. ಭರೂಚಿನ ಕಡೆ ಸುಮಾರು 90 ಮಂದಿಗೆ ದೀಕ್ಷಾಸ್ನಾನ. ಠಾಣೆ ಸೋಪಾರಾಗಳ ನಡುವೆ 35. ನಾಲ್ವರ ರಕ್ತ ಬಿದ್ದ ನೆಲದಲ್ಲಿ ಮೂವತ್ತೈದೇ! ಆ ಅಂಕಿಯನ್ನು ಅವನು ಮುಚ್ಚಿಡಲಿಲ್ಲ. ನನಗೆ ಅವನ ಮೇಲೆ ಪ್ರೀತಿ ಹುಟ್ಟುವುದು ಇಲ್ಲಿ. ವರದಿಗೆಂದು ಸಂಖ್ಯೆ ಹಿಗ್ಗಿಸುವ ಆಸೆ ನಮ್ಮ ಸಭೆಗಳಲ್ಲೂ ಇದೆ. ಹಾಗೆ ಹಿಗ್ಗಿಸಿದ ಸಂಖ್ಯೆಯೇ, ನಿಜವಾಗಿ ದುಡಿದ ಸೇವಕನ ಎದೆಯನ್ನು ಮುಂದೆ ಕುಗ್ಗಿಸುತ್ತದೆ.

ಕೆಲಕಾಲದ ಮೇಲೆ ಮತ್ತೊಂದು ಕಾಗದ ಬರೆದ. ಹೆಚ್ಚು ಜನ ಕಿವಿಗೊಟ್ಟ ಭರೂಚಿನಿಂದಲ್ಲ, ಠಾಣೆಯಿಂದಲೇ. ಅದರ ತುಂಬ ಸಂಕಟ. ಕಡಲ್ಗಳ್ಳರು ಹಿಡಿದದ್ದು, ಸೆರೆಮನೆ, ಬೈಗುಳ, ಮೈಮೇಲೆ ಒಂದೇ ಅಂಗಿ, ತಲೆ ಎದೆ ಹೊಟ್ಟೆಯ ನೋವು, ಜೊತೆಗೆ ಯಾರೂ ಇಲ್ಲದ ಒಂಟಿತನ. ಎಲ್ಲವನ್ನೂ ತೋಡಿಕೊಂಡಿದ್ದಾನೆ.

ನೋವು ನುಂಗಿ ನಗುವುದೇ ತಾಳ್ಮೆ ಎಂದು ಪ್ರಸಂಗಗಳಲ್ಲಿ ಆಗಾಗ ಕೇಳುತ್ತೇವೆ. ನಾನದನ್ನು ಒಪ್ಪಲಾರೆ. ಯೋಬ ದೇವರೆದುರು ಗೋಳಿಟ್ಟ, ಯೆರೆಮೀಯ ಹುಟ್ಟಿದ ದಿನವನ್ನೇ ಶಪಿಸಿದ. ಇಬ್ಬರೂ ದೇವರನ್ನು ಬಿಟ್ಟುಹೋಗಲಿಲ್ಲ. ಫಲ ಕಾಣದ ಸೇವೆಯಲ್ಲಿರುವವರು ದಣಿವನ್ನು ಹೇಳಿಕೊಂಡರೆ ಅದನ್ನು ವಿಶ್ವಾಸದ ಕೊರತೆಯೆಂದು ಹಿರಿಯರು ತಳ್ಳಿಹಾಕಬಾರದು. ಆ ಮನೆಗೆ ಒಬ್ಬ ಜೊತೆಗಾರನನ್ನು ಕಳುಹಿಸಬೇಕು. ಜೋರ್ಡಾನ್ ಬೇಡಿದ್ದೂ ಅದನ್ನೇ, ಸೋದರರನ್ನು.

ಇಷ್ಟೆಲ್ಲ ಅಳಲು ಬರೆದ ಮನುಷ್ಯನನ್ನು ಸಭೆ ಕೈಬಿಡಲಿಲ್ಲ. 1329ರಲ್ಲಿ ಪೋಪ್ 22ನೆಯ ಜಾನ್ ಅವನನ್ನೇ ಕೊಲ್ಲಂನ ಬಿಷಪ್ ಆಗಿ ನೇಮಿಸಿದರು.